ಸ್ಪ್ಯಾನಿಷ್ ನಾಡಿಗೆ ವಿಜ್ಞಾನ ಓದಲು ಹೊರಟವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಈ ಹಾಳೆ ಬೆಸಗರಹಳ್ಳಿ, ಕೊಪ್ಪ, ಆತಗೂರು ಹೋಬಳಿಗಳಿಂದ ಸ್ಪ್ಯಾನಿಷ್ ಮಾತಾಡುವ ದೇಶಗಳಿಗೆ ವಿಜ್ಞಾನ ಓದಲು ಹೊರಡುವ ಮಕ್ಕಳಿಗೆ, ಅವರನ್ನು ಕಳಿಸಿಕೊಡುವ ಅಪ್ಪ ಅವ್ವಂದಿರಿಗೆ. ಸ್ಪೇನ್ ಇರಬಹುದು, ಮೆಕ್ಸಿಕೊ, ಚಿಲಿ, ಅರ್ಜೆಂಟೀನಾ ಇರಬಹುದು. ಪಿಯುಸಿ ವಯಸ್ಸಿನಲ್ಲಿ ರೋಟರಿಯವರ ವಿನಿಮಯ ಕಾರ್ಯಕ್ರಮದಲ್ಲಿ ಹೋಗುವವರಿರಬಹುದು, ಬಿಎಸ್ಸಿ ಮುಗಿಸಿ ಎಂಎಸ್ಸಿಗೆ ಹೋಗುವವರಿರಬಹುದು. ಹಾಸ್ಟೆಲ್ಲಿನಲ್ಲಿ ಇರದೆ ಅಲ್ಲಿಯ ಒಂದು ಸಂಸಾರದ ಜೊತೆ, ಅವರ ಮನೆಯ ಕೋಣೆಯೊಂದರಲ್ಲಿ ಇರಲಿರುವವರು ಇದನ್ನು ಎರಡು ಸಲ ಓದಬೇಕು. ಅಂಥ ಮನೆಗೆ ಹೋಸ್ಟ್ ಫ್ಯಾಮಿಲಿ ಎನ್ನುತ್ತಾರೆ. ನಾನು ಸ್ಪೇನಿನಲ್ಲಿ ಅಂಥದೊಂದು ಮನೆಯಲ್ಲಿ ಹತ್ತು ತಿಂಗಳು ಇದ್ದು ಬಂದವಳು. ಕೆಳಗಿನದರಲ್ಲಿ ಅರ್ಧಕ್ಕರ್ಧ ನಾನು ತಪ್ಪು ಮಾಡಿ ಕಲಿತದ್ದು. ಅದೇ ತಪ್ಪನ್ನು ನೀವೂ ಮಾಡಿ ಕಲಿಯಬೇಕಾಗಿಲ್ಲ.

ಹೆಸರು, ಕಾಗದ, ದುಡ್ಡು

ಪಾಸ್‌ಪೋರ್ಟ್ ಅರ್ಜಿ ತುಂಬುವ ದಿನವೇ ಹೆಸರಿನ ವಿಷಯ ಇತ್ಯರ್ಥ ಮಾಡಿಕೊಳ್ಳಿ. ನಮ್ಮ ಕಡೆ ಹೆಸರಿನ ಹಿಂದೆ ಮುಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ ಇರುತ್ತದೆಯೇ ಹೊರತು ಮನೆತನದ ಹೆಸರು ಬರೆಯುವ ರೂಢಿ ಕಡಿಮೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್ ಕಾರ್ಡಿನಲ್ಲಿ ಅಪ್ಪನ ಪೂರ್ತಿ ಹೆಸರು, ಡಿಗ್ರಿ ಸರ್ಟಿಫಿಕೇಟಿನಲ್ಲಿ ಮೂರನೆಯದೊಂದು ರೂಪ. ಸ್ಪ್ಯಾನಿಷ್ ನಾಡಿನ ಲೆಕ್ಕವೇ ಬೇರೆ. ಅಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಎರಡು ಮನೆತನದ ಹೆಸರು: ಮೊದಲು ಅಪ್ಪನ ಕಡೆಯದು, ಆಮೇಲೆ ಅವ್ವನ ಕಡೆಯದು. ಫಾರಂಗಳಲ್ಲಿ ಎರಡಕ್ಕೂ ಕಾಲಂ ಇರುತ್ತದೆ. ಎರಡನೆಯದನ್ನು ಖಾಲಿ ಬಿಡಬಹುದು, ಮೊದಲನೆಯದನ್ನು ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುವುದು ಕಷ್ಟ. ಆದ್ದರಿಂದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಬಿಡಬಾರದು. ಅಪ್ಪನ ಹೆಸರೋ ಊರ ಹೆಸರೋ, ಯಾವುದಾದರೂ ಒಂದನ್ನು ತೀರ್ಮಾನಿಸಿ, ಒಂದೇ ಸ್ಪೆಲ್ಲಿಂಗಿನಲ್ಲಿ, ಎಲ್ಲ ಕಾಗದದಲ್ಲೂ ಅದನ್ನೇ ಬರೆಸಿ. ಊರ ಹೆಸರು ಹೊತ್ತುಕೊಂಡು ಹೋಗುವುದಕ್ಕೆ ಸಂಕೋಚ ಬೇಡ. ಅವರಲ್ಲೂ ಎಷ್ಟೋ ಮನೆತನಗಳ ಹೆಸರು ಊರಿಂದಲೇ ಬಂದಿರುವುದು.

ಇದರ ಇನ್ನೊಂದು ಮಗ್ಗುಲು: ಅಲ್ಲಿಯ ಮೇಷ್ಟ್ರನ್ನು ಕೊನೆಯ ಹೆಸರು ಹಿಡಿದು ಕರೆಯಬಾರದು. ನರಕೋಶಗಳ ಚಿತ್ರ ಬರೆದು 1906ರಲ್ಲಿ ನೊಬೆಲ್ ಪಡೆದ ಸಾಂತಿಯಾಗೊ ರಾಮೋನ್ ಇ ಕಹಾಲ್ ಅವರ ಹೆಸರಲ್ಲಿ ರಾಮೋನ್ ತಂದೆಯದು, ಕಹಾಲ್ ತಾಯಿಯದು. ಜಗತ್ತೆಲ್ಲ ಅವರನ್ನು ಕಹಾಲ್ ಎನ್ನುತ್ತದೆ, ಅದು ಬೇರೆ ಮಾತು. ನಿಮ್ಮ ಪ್ರೊಫೆಸರರ ವಿಷಯದಲ್ಲಿ ಮೊದಲು ಬರುವ ಮನೆತನದ ಹೆಸರನ್ನೇ ಹಿಡಿಯಿರಿ.

ಡಿಗ್ರಿ ಸರ್ಟಿಫಿಕೇಟು, ಅಂಕಪಟ್ಟಿ, ಪೊಲೀಸ್ ಸರ್ಟಿಫಿಕೇಟುಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬೇಕು. ಅಪೊಸ್ಟಿಲ್ ಒಪ್ಪಂದ ಭಾರತದಲ್ಲಿ ಜಾರಿಗೆ ಬಂದದ್ದು 2005ರಲ್ಲಿ. ಮುದ್ರೆ ಮೊದಲು, ಸ್ಪ್ಯಾನಿಷ್ ಅನುವಾದ ಆಮೇಲೆ. ಸ್ಪೇನಿಗಾದರೆ ಆ ಸರ್ಕಾರ ಒಪ್ಪಿದ ಅನುವಾದಕರೇ ಮಾಡಿರಬೇಕು. ಅನುವಾದ ಮೊದಲು ಮಾಡಿಸಿದರೆ ಮುದ್ರೆಯ ಅನುವಾದಕ್ಕೆ ಮತ್ತೊಮ್ಮೆ ದುಡ್ಡು ಕೊಡಬೇಕಾಗುತ್ತದೆ.

ವೀಸಾ ಕೈಗೆ ಬರುವ ಮುಂಚೆ ಗದ್ದೆ ಮಾರಬಾರದು, ಒಡವೆ ಅಡ ಇಡಬಾರದು. ಸೀಟು ಕೊಡಿಸುತ್ತೇನೆ, ವೀಸಾ ಗ್ಯಾರಂಟಿ ಎನ್ನುವ ಏಜೆಂಟನಿಗೆ ಒಂದು ರೂಪಾಯಿ ಕೊಡಬಾರದು. ಸ್ಪೇನ್ ಈಚಿನ ವರ್ಷಗಳಲ್ಲಿ ವಿದ್ಯಾರ್ಥಿಗಳಿಂದ ತಿಂಗಳಿಗೆ 600 ಯೂರೊ ಲೆಕ್ಕದಲ್ಲಿ ಹಣ ತೋರಿಸಿ ಎನ್ನುತ್ತಿದೆ. ಅಷ್ಟು ದೊಡ್ಡ ಮೊತ್ತ ಮನೆಯಿಂದಲೇ ಬರಬೇಕು ಅಂತಿಲ್ಲ. ಯುರೋಪಿನ ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನ ಸಿಕ್ಕವರಿಗೆ ತಿಂಗಳಿಗೆ 1,400 ಯೂರೊ ಬರುತ್ತದೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ನಮ್ಮ ರಾಜ್ಯ ಸರ್ಕಾರದ ‘ಪ್ರಬುದ್ಧ’ ಯೋಜನೆ ಇದೆ. ಇವನ್ನು ಹುಡುಕಿ ಅರ್ಜಿ ಹಾಕದೆ ಸಾಲಕ್ಕೆ ಕೈ ಹಾಕಬೇಡಿ.

ಭಾಷೆ: ಇಂಗ್ಲಿಷಿನ ಬಾಗಿಲಿಂದ ಹೋಗಬಾರದು

ಇಡೀ ಹಾಳೆಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಸ್ಪ್ಯಾನಿಷನ್ನು ಕನ್ನಡದ ಮೂಲಕ ಕಲಿಯಿರಿ, ಇಂಗ್ಲಿಷಿನ ಮೂಲಕ ಅಲ್ಲ. ಇಂಗ್ಲಿಷ್ ಮೀಡಿಯಂ ಅಲ್ಲದ ಶಾಲೆಯಲ್ಲಿ ಓದಿ, ಆ ಕೊರಗನ್ನು ಹೊತ್ತು ಹೋಗುವ ಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಈ ಭಾಷೆಯ ಮುಂದೆ ನೀವು ಹಿಂದುಳಿದವರಲ್ಲ, ಎರಡು ಹೆಜ್ಜೆ ಮುಂದಿರುವವರು.

ಕಾರಣ ಕೇಳಿ. ಅವರ ಅ, ಎ, ಇ, ಒ, ಉ ನಮ್ಮ ಸ್ವರಗಳೇ. ಬರೆದಂತೆ ಓದುತ್ತಾರೆ. ಅವರ ತ, ದ ಹಲ್ಲಿಗೆ ನಾಲಿಗೆ ತಾಗಿಸಿ ಆಡುವ ನಮ್ಮ ತ, ದ. ಇಂಗ್ಲಿಷ್ ಅಭ್ಯಾಸದಲ್ಲಿ ‘ಟೊಮಾಟೆ’ ಎಂದರೆ ಪರಕೀಯವಾಗಿ ಕೇಳಿಸುತ್ತದೆ, ‘ತೊಮಾತೆ’ ಎಂದರೆ ಅಂಗಡಿಯವಳು ಕಣ್ಣೆತ್ತದೆ ಹಣ್ಣು ತೂಗುತ್ತಾಳೆ. ಅವರು ವಿ ಅಕ್ಷರವನ್ನೂ ಬ ಎಂದೇ ಆಡುತ್ತಾರೆ. ತಮಿಳರ ‘ವಾ’ ನಮ್ಮ ಬಾಯಲ್ಲಿ ‘ಬಾ’ ಆಗಿರುವುದನ್ನು ನೆನೆಯಿರಿ, ಮರೆಯುವುದಿಲ್ಲ. ನಮ್ಮ ವರ್ಣಮಾಲೆಯಲ್ಲಿ ಕೂತಿದ್ದೂ ಹೆಚ್ಚು ಕೆಲಸವಿಲ್ಲದ ಞ ಅಲ್ಲಿ ದಿನಕ್ಕೆ ನೂರು ಸಲ ಬೇಕು. ವರ್ಷಕ್ಕೆ ಅವರು ‘ಆಞೊ’ ಎನ್ನುತ್ತಾರೆ. ಅದನ್ನು ‘ಆನೊ’ ಎಂದರೆ ವಯಸ್ಸು ಹೇಳಹೋಗಿ ಮನೆಯವರೆದುರು ಆಡಬಾರದ ಮಾತು ಆಡಿದಂತಾಗುತ್ತದೆ. ಇನ್ನು ‘ಪೆರೊ’ ಎಂದರೆ ಆದರೆ, ‘ಪೆರ್ರೊ’ ಎಂದರೆ ನಾಯಿ. ಹಳಗನ್ನಡಕ್ಕೂ ಹೀಗೆ ಎರಡು ಬಗೆಯ ರ ಇತ್ತು, ಒಂದನ್ನು ನಾವು ಕಳೆದುಕೊಂಡೆವು. ಅದನ್ನು ನಾಲಿಗೆಗೆ ಮತ್ತೆ ತರಬೇಕು, ಬೆಳಿಗ್ಗೆ ಹಲ್ಲುಜ್ಜುವಾಗ ಹತ್ತು ನಿಮಿಷ ಆಡಿದರೆ ತಿಂಗಳಲ್ಲಿ ಬರುತ್ತದೆ.

ವ್ಯಾಕರಣದಲ್ಲಿ ಇನ್ನೂ ಹತ್ತಿರ. ‘ಹೋಗ್ತೀನಿ’ ಎಂದ ಮೇಲೆ ‘ನಾನು’ ಎನ್ನಬೇಕಾಗಿಲ್ಲ ಅಲ್ಲವೇ? ಅವರೂ ‘ಬೊಯ್’ ಎಂದು ಬಿಡುತ್ತಾರೆ, ಹೋಗುವವರು ಯಾರೆಂಬುದು ಕ್ರಿಯಾಪದದ ಕೊನೆಯಲ್ಲೇ ಇದೆ. ‘ಮೆ ಗುಸ್ತ’ ಎಂಬ ಮಾತು ಇಂಗ್ಲಿಷ್ ಮೂಲಕ ಕಲಿತವರನ್ನು ತಿಂಗಳುಗಟ್ಟಲೆ ಸತಾಯಿಸುತ್ತದೆ. ನಮಗೆ ಅದು ‘ನನಗೆ ಇಷ್ಟ’, ಅಷ್ಟೇ. ‘ಮೆ ದುಎಲೆ ಲ ಕಬೇಸ’ ಎಂದರೆ ನನಗೆ ತಲೆ ನೋಯ್ತದೆ. ನನಗೆ, ತಲೆ, ನೋವು: ಮಾತಿನ ಕಟ್ಟು ಒಂದೇ. ನೀನು, ನೀವು ಎಂಬ ಭೇದವೂ ಅಲ್ಲಿದೆ: ‘ತು’ ಮತ್ತು ‘ಉಸ್ತೆದ್’. ನಿಜವಾಗಿ ಕಷ್ಟ ಕೊಡುವುದು ಲಿಂಗ. ಮೇಜು ಹೆಣ್ಣು, ಪುಸ್ತಕ ಗಂಡು. ಇದಕ್ಕೆ ಕನ್ನಡ ನೆರವಿಗೆ ಬರುವುದಿಲ್ಲ. ಒಂದೊಂದು ನಾಮಪದವನ್ನೂ ಅದರ ಮುಂದಿನ ‘ಎಲ್’, ‘ಲ’ ಸಮೇತ ಬಾಯಿಪಾಠ ಮಾಡಬೇಕು.

ಮಾಡಬೇಕಾದ್ದು: ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟಕ್ಕೆ ಮೂರು ಕಾಲಂ. ಮೊದಲನೆಯದರಲ್ಲಿ ಪದ ಅವರ ಲಿಪಿಯಲ್ಲಿ, ಎರಡನೆಯದರಲ್ಲಿ ಅದರ ಉಚ್ಚಾರ ಕನ್ನಡ ಲಿಪಿಯಲ್ಲಿ, ಮೂರನೆಯದರಲ್ಲಿ ಅರ್ಥ ಕನ್ನಡದಲ್ಲಿ. ಇಂಗ್ಲಿಷಿಗೆ ಕಾಲಂ ಇಲ್ಲ. ಅಲಮಾರು, ಪಾದ್ರಿ, ಉತ್ತರ ಕರ್ನಾಟಕದವರ ಚಾವಿ ಪೋರ್ಚುಗೀಸರಿಂದ ಬಂದವು, ಸ್ಪ್ಯಾನಿಷಿನಲ್ಲಿ ಅವುಗಳ ಅಕ್ಕತಂಗಿಯರು ಸಿಗುತ್ತಾರೆ: ಅರ್ಮಾರಿಯೊ, ಪಾದ್ರೆ, ಯಾಬೆ. ಹೊರಡುವುದಕ್ಕೆ ಆರು ತಿಂಗಳು ಮುಂಚೆ ಶುರು ಮಾಡಿ ದಿನಕ್ಕೆ ಒಂದು ಗಂಟೆ ಕೂರಬೇಕು. ಭಾಷೆಯ ಮಟ್ಟವನ್ನು ಎ1ರಿಂದ ಸಿ2ರವರೆಗೆ ಅಳೆಯುತ್ತಾರೆ. ಎ2 ಮುಟ್ಟದೆ ವಿಮಾನ ಹತ್ತಬೇಡಿ. ಇದರ ಡೆಲೆ ಪರೀಕ್ಷೆಯನ್ನು ನಡೆಸುವ ಸೆರ್ವಾಂತೆಸ್ ಸಂಸ್ಥೆಯ ಕೇಂದ್ರ ದೆಹಲಿಯಲ್ಲಿದೆ.

ಮಾಡಬಾರದ್ದು: ‘ನನ್ನ ಕೋರ್ಸು ಇಂಗ್ಲಿಷಿನಲ್ಲಿದೆ, ಸ್ಪ್ಯಾನಿಷ್ ಯಾಕೆ’ ಎನ್ನಬಾರದು. ಪಾಠ ಇಂಗ್ಲಿಷಿನಲ್ಲಿರಬಹುದು. ಲ್ಯಾಬಿನ ಸಹಾಯಕರು, ಬಾಟಲಿಯ ಮೇಲಿನ ಎಚ್ಚರಿಕೆ, ಡಾಕ್ಟರು, ಅನ್ನ ಬಡಿಸುವವರು ಇಂಗ್ಲಿಷಿನಲ್ಲಿಲ್ಲ. ನಮ್ಮೂರಿನ ಡಾ. ಬೆಸಗರಹಳ್ಳಿ ರಾಮಣ್ಣ ವೈದ್ಯರು, ಓದಿದ್ದು ಇಂಗ್ಲಿಷ್ ಪುಸ್ತಕ. ಆದರೆ ರೋಗಿಯ ಜೊತೆ ಆಡಿದ್ದು, ಕಥೆ ಬರೆದದ್ದು ಈ ನೆಲದ ಮಾತಿನಲ್ಲಿ. ಯಾವ ಊರಿಗೆ ಹೋದರೂ ಆ ನೆಲದ ಮಾತು ಹಾಗೇ ಬೇಕು. ಕಹಾಲ್ ತಮ್ಮ ಸಂಶೋಧನೆಯನ್ನು ಸ್ಪ್ಯಾನಿಷಿನಲ್ಲಿ ಬರೆದು ಯಾರೂ ಓದದಿದ್ದಾಗ 1889ರಲ್ಲಿ ಸ್ಲೈಡುಗಳನ್ನು ಹೊತ್ತು ಬರ್ಲಿನ್‌ಗೆ ಹೋದರು. ಅಲ್ಲಿ ಅವನ್ನು ಕಂಡು ಬೆರಗಾದ ಕ್ಯೋಲಿಕರ್, ಜರ್ಮನ್ ವಿಶ್ವವಿದ್ಯಾಲಯವೊಂದರ ಎಪ್ಪತ್ತು ದಾಟಿದ ಹಿರಿಯ ಪ್ರೊಫೆಸರ್, ಕಹಾಲ್ ಬರಹ ಓದಲೆಂದೇ ಸ್ಪ್ಯಾನಿಷ್ ಕಲಿತರು. ನಿಮಗೆ ಇಪ್ಪತ್ತೆರಡು ವರ್ಷ. ವಯಸ್ಸಿನ ನೆಪ ಹೇಳಬೇಡಿ.

ಆ ಮನೆಯೊಳಗೆ

ಅದು ಲಾಡ್ಜ್ ಅಲ್ಲ, ಪೇಯಿಂಗ್ ಗೆಸ್ಟ್ ಕೋಣೆಯೂ ಅಲ್ಲ. ನೀವು ನೆಂಟರೂ ಅಲ್ಲ, ನೆಂಟರು ನಾಲ್ಕು ದಿನ ಇದ್ದು ಹೋಗುತ್ತಾರೆ. ಒಂದು ವರ್ಷ ಇರುವವರು ಮನೆಯ ಮಗ, ಮನೆಯ ಮಗಳು. ಹಾಗೇ ನಡೆದುಕೊಳ್ಳಬೇಕು.

ಮೊದಲ ದಿನವೇ ಕೇಳಿಬಿಡಿ: ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತೀರಿ, ಸ್ನಾನಕ್ಕೆ ಯಾವ ಹೊತ್ತು, ಬಟ್ಟೆ ಯಾವ ದಿನ ಒಗೆಯುತ್ತೀರಿ, ಫ್ರಿಜ್ಜಿನಲ್ಲಿ ನನ್ನ ಜಾಗ ಯಾವುದು, ಮನೆಯೊಳಗೆ ಚಪ್ಪಲಿ ಹಾಕಬೇಕೇ ಬಿಡಬೇಕೇ. ಕೇಳದೆ ಇದ್ದು ತಪ್ಪಾದ ಮೇಲೆ ಮುಖ ಸಣ್ಣದು ಮಾಡಿಕೊಳ್ಳಬಾರದು. ಎಷ್ಟೋ ಮನೆಗಳ ಶೌಚಾಲಯದಲ್ಲಿ ತೊಳೆದುಕೊಳ್ಳಲು ನೀರಿನ ಏರ್ಪಾಡು ಇರುವುದಿಲ್ಲ. ಒಂದು ಸಣ್ಣ ಚೊಂಬು ಇಟ್ಟುಕೊಳ್ಳಬಹುದೇ ಎಂದು ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ, ನೆಲ ಒದ್ದೆ ಮಾಡಿ ಬಿಟ್ಟುಬರುವುದರಲ್ಲಿ ಇದೆ. ಬಿಸಿನೀರು ಬಿಟ್ಟುಕೊಂಡು ಅರ್ಧ ಗಂಟೆ ನಿಲ್ಲಬಾರದು.

ಮನೆಯ ಯಜಮಾನಿಯನ್ನು ಆಂಟಿ ಎನ್ನಬೇಡಿ. ಹೆಸರು ಹಿಡಿದು ಕರೆಯಿರಿ ಎನ್ನುತ್ತಾರೆ, ಕರೆಯಿರಿ. ಸ್ಪೇನಿನಲ್ಲಿ ಎರಡನೆಯ ದಿನವೇ ‘ತು’ ಎನ್ನು ಎನ್ನುತ್ತಾರೆ. ಹಿರಿಯರಿಗೆ ನೀನು ಎನ್ನುವುದು ಹೇಗೆ ಎಂದು ನಾನು ಎರಡು ವಾರ ಒದ್ದಾಡಿದೆ. ಆಮೇಲೆ ಹೊಳೆಯಿತು, ನಾವು ಅವ್ವನಿಗೆ ಎಂದಾದರೂ ನೀವು ಎಂದಿದ್ದೇವಾ? ‘ಅವ್ವ, ನೀನ್ ಉಂಡಾ?’ ಎನ್ನುವುದಿಲ್ಲವೇ? ಅದೇ ‘ತು’. ಆದರೆ ಎಲ್ಲ ದೇಶದಲ್ಲೂ ಒಂದೇ ಅಲ್ಲ. ಕೊಲಂಬಿಯಾದ ಎಷ್ಟೋ ಮನೆಗಳಲ್ಲಿ ಸ್ವಂತದವರಿಗೂ ‘ಉಸ್ತೆದ್’, ಅರ್ಜೆಂಟೀನಾದಲ್ಲಿ ‘ತು’ ಬದಲು ‘ಬೊಸ್’. ಅವರು ಆಡುವುದನ್ನು ಕೇಳಿ ಹಿಡಿಯಿರಿ. ಕೆನ್ನೆಗೆ ಕೆನ್ನೆ ತಾಗಿಸಿ ಬರಮಾಡಿಕೊಳ್ಳುವುದು ಅವರ ಮರ್ಯಾದೆ. ನಿಮಗೆ ಒಗ್ಗದಿದ್ದರೆ ಮೊದಲೇ ಕೈ ನೀಡಿ, ಹಿಂದಕ್ಕೆ ಸರಿಯಬೇಡಿ.

ಊಟದ ಹೊತ್ತು ನಮ್ಮದಲ್ಲ. ಸ್ಪೇನಿನಲ್ಲಿ ಮಧ್ಯಾಹ್ನದ ಊಟ 2ರಿಂದ 3ರ ನಡುವೆ, ರಾತ್ರಿಯದು 9ರ ಮೇಲೆ. ಹಸಿವು ತಡೆಯದಿದ್ದರೆ ಹಣ್ಣು ತಿನ್ನಿ, ಏನು ತಿಂದರೂ ಮೇಜಿನ ಹೊತ್ತಿಗೆ ಮೇಜಿಗೆ ಬರಬೇಕು. ಬರುವುದಿಲ್ಲವಾದರೆ ಮುಂಚೆ ಹೇಳಬೇಕು. ನನ್ನ ಮೊದಲ ತಿಂಗಳಲ್ಲಿ ಒಂದು ಸಂಜೆ ಲ್ಯಾಬಿನವರ ಜೊತೆ ಹೊರಗೆ ತಿಂದು, ಯಾರಿಗೂ ಹೇಳದೆ, ರಾತ್ರಿ 11ಕ್ಕೆ ಮನೆ ಸೇರಿದೆ. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ನನ್ನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಬೋರಲು ಮುಚ್ಚಿತ್ತು. ಆ ಮನೆಯ ತಾಯಿ ಕುರ್ಚಿಯಲ್ಲೇ ಕೂತು ಕಣ್ಣು ಮುಚ್ಚಿದ್ದರು. ಅವರು ಬಯ್ಯಲಿಲ್ಲ. ಬೆಂಗಳೂರು ಬಸ್ಸು ತಡವಾದ ರಾತ್ರಿಗಳಲ್ಲಿ ನನ್ನವ್ವ ಮುದ್ದೆ ಮುಚ್ಚಿಟ್ಟು ಗೋಡೆಗೊರಗಿ ತೂಕಡಿಸುತ್ತಿದ್ದಳು, ಅವಳಿಗೆ ಎಷ್ಟು ಸಲ ಫೋನು ಮಾಡಿ ಹೇಳಿದ್ದೆ ಎಂದು ಯೋಚಿಸುತ್ತ ನಾನು ಆ ಹೊತ್ತಲ್ಲಿ ಮತ್ತೆ ಉಂಡೆ. ನೀವು ಒಂದು ಮೆಸೇಜು ಹಾಕಿ. ಎರಡು ಪದ ಸಾಕು.

‘ಸಿನ್ ಕಾರ್ನೆ’ ಎಂದರೆ ಮಾಂಸ ಬೇಡ ಎಂದಷ್ಟೇ. ಅಲ್ಲಿ ಕಾರ್ನೆ ಎಂದರೆ ಬಹಳ ಜನರಿಗೆ ದನದ, ಹಂದಿಯ ಮಾಂಸದ ತುಂಡು. ಮೀನು, ಹಂದಿ ತೊಡೆಯ ಹಾಮೋನ್ ಅದಕ್ಕೆ ಸೇರಿದ್ದೆಂದು ಅನ್ನಿಸುವುದಿಲ್ಲ. ತಿನ್ನದವರು ಒಂದೊಂದನ್ನೂ ಹೆಸರಿಟ್ಟು ಹೇಳಬೇಕು: ಕಾರ್ನೆ ಬೇಡ, ಪೊಯ್ಯೊ ಬೇಡ, ಪೆಸ್ಕಾದೊ ಬೇಡ, ಹಾಮೋನ್ ಬೇಡ. ಮೆಕ್ಸಿಕೊದಲ್ಲಾದರೆ ಕಾಳಿನ ಪಲ್ಯಕ್ಕೆ ‘ಮಾಂತೇಕ’, ಹಂದಿ ಕೊಬ್ಬು, ಹಾಕಿದ್ದಾರೆಯೇ ಎಂದು ಕೇಳಿ. ಹೇಳುವುದು ನಿಮ್ಮ ಕೆಲಸ, ತಟ್ಟೆಯ ಮುಂದೆ ಕೂತು ಮುಖ ಸಿಂಡರಿಸುವುದು ಯಾರ ಕೆಲಸವೂ ಅಲ್ಲ.

ಕೋಣೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಕನ್ನಡ ಸಿನಿಮಾ ನೋಡುತ್ತ ಕೂರಬಾರದು. ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿ. ಮನೆಯ ಒಂದು ಕೆಲಸವನ್ನು ಕೇಳಿ ನಿಮ್ಮದು ಮಾಡಿಕೊಳ್ಳಿ. ನನ್ನದು ಕಸ: ಪ್ಲಾಸ್ಟಿಕ್, ಡಬ್ಬಿ ಹಳದಿ ತೊಟ್ಟಿಗೆ, ಕಾಗದ ನೀಲಿಗೆ, ಗಾಜು ಹಸಿರಿಗೆ. ಕಸ ಹಾಕಲು ಹೋಗುವ ದಾರಿಯಲ್ಲಿ ಪಕ್ಕದ ಮನೆಯ ಅಜ್ಜನಿಂದ ನಾನು ಕಲಿತಷ್ಟು ಮಾತು ಕ್ಲಾಸಿನಲ್ಲಿ ಕಲಿಯಲಿಲ್ಲ. ಅಡುಗೆಮನೆಯಲ್ಲಿ ವಿಜ್ಞಾನವೂ ಇದೆ, ಕಣ್ಣಿಟ್ಟು ನೋಡಿ. ಮೆಕ್ಸಿಕೊದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಿಟ್ಟು, ತೊಳೆದು ರುಬ್ಬುತ್ತಾರೆ. ಕಾಳಿನೊಳಗೆ ಬಿಗಿದುಕೊಂಡಿರುವ ನಯಾಸಿನ್ ಎಂಬ ವಿಟಮಿನ್ ಹಾಗೆ ಮಾಡಿದರೆ ಮೈಗೆ ಹತ್ತುತ್ತದೆ. ಮೆಕ್ಕೆಜೋಳವನ್ನು ಮಾತ್ರ ಒಯ್ದು ಸುಣ್ಣದ ವಿದ್ಯೆಯನ್ನು ಅಲ್ಲೇ ಬಿಟ್ಟ ಯುರೋಪಿನ ಬಡವರಲ್ಲಿ ಪೆಲಾಗ್ರ ರೋಗ ಹರಡಿತು.

ಮೇಜಿನ ಮುಂದೆ ಆಡಲು ನಿಮ್ಮದೂ ವಿಷಯ ಇರಲಿ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನು ತಂದದ್ದು, 1966ರಲ್ಲಿ ಭಾರತ ಮೆಕ್ಸಿಕೊದಿಂದ 18,000 ಟನ್ ಗೋಧಿ ಬಿತ್ತನೆ ಬೀಜ ತರಿಸಿದ್ದು, ಅದಕ್ಕೂ ಎಷ್ಟೋ ಮುಂಚೆ, 1920ರ ದಶಕದಲ್ಲಿ, ವರ್ಧಾ ಕಡೆಯ ಪಾಂಡುರಂಗ ಖಾನ್ಖೋಜೆ ಎಂಬ ಕ್ರಾಂತಿಕಾರಿ ಮೆಕ್ಸಿಕೊದ ಚಾಪಿಂಗೊ ಕೃಷಿ ಶಾಲೆಯಲ್ಲಿ ಪಾಠ ಮಾಡಿದ್ದು, ಡಿಯೇಗೊ ರಿವೇರಾ ಎಂಬ ಚಿತ್ರಕಾರರು ಆ ಖಾನ್ಖೋಜೆಯವರನ್ನು ತಮ್ಮ ಭಿತ್ತಿಚಿತ್ರದಲ್ಲಿ ಬರೆದದ್ದು. ಇವನ್ನು ಹರಕು ಮುರುಕು ಸ್ಪ್ಯಾನಿಷಿನಲ್ಲೇ ಹೇಳಿ. ಕೇಳುವವರು ಪದ ಎತ್ತಿ ಕೊಡುತ್ತಾರೆ.

ಇಂಗ್ಲಿಷ್ ಮೇಷ್ಟ್ರಾಗಬೇಡಿ. ನಾನಿದ್ದ ಮನೆಯ ಮಗಳಿಗೆ ಇಂಗ್ಲಿಷ್ ಮಾತಾಡುವ ಆಸೆ, ನನಗೂ ಸುಲಭ, ಹೀಗೆ ಮೊದಲ ಆರು ವಾರ ಕಳೆದೇಹೋಯಿತು. ಕೊನೆಗೆ ನಾವಿಬ್ಬರೂ ಕೂತು ಒಪ್ಪಂದ ಮಾಡಿಕೊಂಡೆವು: ಭಾನುವಾರ ಒಂದು ಗಂಟೆ ಇಂಗ್ಲಿಷ್, ಉಳಿದದ್ದೆಲ್ಲ ಸ್ಪ್ಯಾನಿಷ್. ನೀವು ಈ ಒಪ್ಪಂದವನ್ನು ಮೊದಲ ವಾರವೇ ಮಾಡಿಕೊಳ್ಳಿ.

ನಮ್ಮಲ್ಲಿ ಅವ್ವನಿಗೆ ಥ್ಯಾಂಕ್ಸ್ ಹೇಳುವ ಪದ್ಧತಿ ಇಲ್ಲ. ಅಲ್ಲಿ ನೀರಿನ ಲೋಟ ಕೊಟ್ಟರೂ ‘ಗ್ರಾಸಿಯಾಸ್’ ಎನ್ನಬೇಕು. ಹೇಳದಿದ್ದರೆ ಸೊಕ್ಕು ಎಂದುಕೊಳ್ಳುತ್ತಾರೆ.

ಸ್ಪೇನಿಗೆ ಆರು ತಿಂಗಳಿಗಿಂತ ಹೆಚ್ಚು ಕಾಲದ ವೀಸಾದಲ್ಲಿ ಹೋದವರು ಕಾಲಿಟ್ಟ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕು. ಅದಕ್ಕೂ ಮುಂಚೆ ಊರಿನ ಪುರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆಯವರ ಒಪ್ಪಿಗೆ ಬೇಕು. ನಾಳೆ ನಾಳೆ ಎನ್ನಬಾರದು. ಮೆಕ್ಸಿಕೊದಲ್ಲೂ ವಾಸದ ಕಾರ್ಡಿಗೆ 30 ದಿನಗಳ ಗಡುವಿದೆ.

ಪಿಯುಸಿ ವಯಸ್ಸಿನಲ್ಲಿ ರೋಟರಿ ಮೂಲಕ ಹೋಗುವವರಿಗೆ ಆ ಕಾರ್ಯಕ್ರಮದವರೇ ಹಾಕಿರುವ ಕಟ್ಟಳೆ ಇದೆ: ಕುಡಿಯಬಾರದು, ವಾಹನ ಓಡಿಸಬಾರದು, ಮಾದಕ ವಸ್ತು ಮುಟ್ಟಬಾರದು, ಪ್ರೇಮ ಪ್ರಕರಣ ಬೇಡ. ಮುರಿದರೆ ವಾಪಸು ಕಳಿಸುತ್ತಾರೆ. ವರ್ಷದಲ್ಲಿ ಎರಡು ಮೂರು ಮನೆ ಬದಲಾಗುವುದು ಅಲ್ಲಿ ವಾಡಿಕೆ, ನಿಮ್ಮನ್ನು ಹೊರಗೆ ಹಾಕಿದರು ಎಂದುಕೊಳ್ಳಬೇಡಿ.

ಇನ್ನೊಂದು ವಿಷಯ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಒಳ್ಳೆಯ ಮನೆಗಳೇ ಹೆಚ್ಚು. ಆದರೂ ಯಾರಾದರೂ ನಿಮ್ಮ ಪಾಸ್‌ಪೋರ್ಟ್ ನಮ್ಮ ಹತ್ತಿರ ಇರಲಿ ಎಂದರೆ ಕೊಡಬಾರದು. ಕೋಣೆಗೆ ಕೇಳದೆ ನುಗ್ಗಿದರೆ, ಮೈ ಮುಟ್ಟಿದರೆ, ಹೆದರಿಸಿದರೆ, ಉಂಡ ಮನೆಯ ಋಣ ಎಂದು ಸಹಿಸಬಾರದು. ಅದೇ ದಿನ ಕಳಿಸಿದ ಸಂಸ್ಥೆಯವರಿಗೆ, ಕಾಲೇಜಿಗೆ, ಮನೆಗೆ ಹೇಳಬೇಕು. ಅಪಾಯವಿದ್ದರೆ ಸ್ಪೇನಿನಲ್ಲಿ 112, ಮೆಕ್ಸಿಕೊದಲ್ಲಿ 911. ಗಂಡು ಹುಡುಗರಿಗೂ ಇದೇ ಮಾತು.

ಲ್ಯಾಬಿನಲ್ಲಿ

ತಲೆ ಅಲ್ಲಾಡಿಸಬಾರದು. ನಮ್ಮ ಕಡೆ ತಲೆಯನ್ನು ಅತ್ತಿತ್ತ ಓಲಾಡಿಸಿದರೆ ಆಯಿತು ಎಂದರ್ಥ, ಅವರಿಗೆ ಅದು ಹೌದೋ ಅಲ್ಲವೋ ತಿಳಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಅರ್ಥವಾಗದೆ ‘ಸಿ, ಸಿ’ ಎನ್ನುವುದು. ‘ನೊ ಎಂತಿಯೆಂದೊ’, ನನಗೆ ತಿಳಿಯಲಿಲ್ಲ, ಎಂಬುದನ್ನು ಮೊದಲು ಕಲಿತು ಹೋಗಿ. ಆಸಿಡ್ ಕೈಯಲ್ಲಿರುವಾಗ ಮರ್ಯಾದೆಗೆ ಹೌದು ಎನ್ನಬಾರದು.

ಅಂಕಿಗಳ ವಿಷಯದಲ್ಲಿ ನಾನು ಪೆಟ್ಟು ತಿಂದವಳು. ಸ್ಪೇನಿನಲ್ಲಿ ದಶಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ: ಮೂರೂವರೆ ಎಂದರೆ 3,5. ಸಾವಿರಗಳನ್ನು ಬಿಡಿಸಲು ಎಷ್ಟೋ ಜನ ಈಗಲೂ ಚುಕ್ಕಿ ಇಡುತ್ತಾರೆ. ಎರಡನೆಯ ವಾರ ನನ್ನ ಹಾಳೆಯಲ್ಲಿ 1.250 ಮಿಲಿಗ್ರಾಂ ಎಂದಿತ್ತು. ಒಂದೂಕಾಲು ಎಂದುಕೊಂಡು ತೂಗಿದೆ. ಬೇಕಿದ್ದದ್ದು ಸಾವಿರದ ಇನ್ನೂರೈವತ್ತು. ಒಂದು ವಾರದ ಪ್ರಯೋಗ ಹಾಳಾಯಿತು, ಕೇಳದೇ ಇದ್ದದ್ದು ನನ್ನ ತಪ್ಪು. ಮೆಕ್ಸಿಕೊದಲ್ಲಿ ನಮ್ಮ ಹಾಗೆ ದಶಾಂಶಕ್ಕೆ ಚುಕ್ಕಿ. ಆದ್ದರಿಂದ ದೇಶ ಯಾವುದೆಂದು ನೋಡಿ ಓದಿ. ದೊಡ್ಡ ಸಂಖ್ಯೆಯಲ್ಲಿ ಇನ್ನೊಂದು ಗುಂಡಿ ಇದೆ: ಇಂಗ್ಲಿಷಿನ ಬಿಲಿಯನ್ ನೂರು ಕೋಟಿ, ಸ್ಪ್ಯಾನಿಷಿನ ‘ಬಿಯೋನ್’ ಒಂದು ಲಕ್ಷ ಕೋಟಿ. ನೂರು ಕೋಟಿಗೆ ಅವರು ಸಾವಿರ ಮಿಲಿಯನ್ ಎಂಬರ್ಥದಲ್ಲಿ ‘ಮಿಲ್ ಮಿಯೋನೆಸ್’ ಎನ್ನುತ್ತಾರೆ. ಪರೀಕ್ಷೆಯಲ್ಲಿ ಸಾವಿರ ಪಟ್ಟು ತಪ್ಪಿಗೆ ಯಾರೂ ಅರ್ಧ ಮಾರ್ಕ್ಸ್ ಕೊಡುವುದಿಲ್ಲ.

ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಈ ಪದಗಳನ್ನು ಹಾಕಿ: ಬಾತ (ಲ್ಯಾಬಿನ ಕೋಟು), ಗ್ವಾಂತೆಸ್ (ಕೈಗವಸು), ಗಾಫಾಸ್ (ಕನ್ನಡಕ), ಪ್ರೊಬೇತ (ಅಳತೆಯ ಜಾಡಿ), ಮತ್ರಾಸ್ (ಫ್ಲಾಸ್ಕು), ಫೂಗ (ಸೋರಿಕೆ), ದೆರ್ರಾಮೆ (ಚೆಲ್ಲಿದ್ದು), ಅಪಾಗ (ಆರಿಸು), ಸಲೀದ (ಹೊರದಾರಿ), ಕುಯಿದಾದೊ (ಹುಷಾರು). ಡಾಕ್ಟರ ಹತ್ತಿರವೂ ಇಂಗ್ಲಿಷ್ ಹೋಲಿಕೆ ನಂಬಬೇಡಿ. ಸ್ಪೇನಿನಲ್ಲಿ ‘ಕೊನ್ಸ್ತಿಪಾದೊ’ ಎಂದರೆ ಶೀತ, ಮಲಬದ್ಧತೆಯಲ್ಲ. ‘ಇಂತೊಕ್ಸಿಕಾದೊ’ ಎಂದರೆ ಕುಡಿದು ಬಿದ್ದವನು ಎಂದಲ್ಲ, ತಿಂದದ್ದು ವಿಷವಾಗಿದೆ ಎಂದು. ‘ಎಂಬರಸಾದ’ ಎಂದರೆ ಮುಜುಗರ ಅಲ್ಲ, ಬಸುರಿ.

ಮನೆಗೂ ಲ್ಯಾಬಿಗೂ ಸೇರಿದ್ದೊಂದು: ಬಚ್ಚಲು ತೊಳೆಯಲು ಅಲ್ಲಿ ಲೆಹೀಯ ಎಂಬ ಬ್ಲೀಚ್ ಇಡುತ್ತಾರೆ, ಸಲ್ಫುಮಾನ್ ಎಂಬ ಹೆಸರಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಮಾರುತ್ತಾರೆ. ಎರಡನ್ನೂ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯದ ಜೊತೆಗೂ ಬ್ಲೀಚ್ ಬೆರೆಸಬಾರದು. ಊರಿನಲ್ಲೂ ಬೇಡ.

ಪೆಟ್ಟಿಗೆಯಲ್ಲಿ

ರಾಗಿ ಹಿಟ್ಟು, ಹುರಿದ ಖಾರದ ಪುಡಿ, ಒಂದು ಹಿಟ್ಟಿನ ಕೋಲು ಒಯ್ಯಿರಿ. ಯುರೋಪಿಗೆ ಹೋಗುವವರು ತುಪ್ಪ, ಖೋವಾ, ಒಣಮಾಂಸ ಒಯ್ಯಬಾರದು, ಹಾಲಿನ ಮತ್ತು ಮಾಂಸದ ಪದಾರ್ಥವನ್ನು ಪ್ರಯಾಣಿಕರ ಚೀಲದಲ್ಲಿ ಅವರು ಬಿಡುವುದಿಲ್ಲ. ತಿಂಗಳಿಗೊಮ್ಮೆ ಆ ಮನೆಯವರಿಗೆ ಉಪ್ಸಾರು ಮುದ್ದೆ ಮಾಡಿ ಬಡಿಸಿ. ಅಗಿಯದೆ ನುಂಗುವುದು ಹೇಗೆಂದು ಮೊದಲು ತೋರಿಸಿ ಆಮೇಲೆ ಬಡಿಸಿ.

ಕೃಷಿ ಓದುವವರಿಗೆ: ಊರ ಮಣ್ಣು, ನಾಟಿ ತಳಿಯ ಬೀಜ, ಪ್ರಯೋಗಕ್ಕೆ ಬೇಕಾಗುತ್ತದೆ ಎಂದು ಕಟ್ಟಿಕೊಂಡು ಹೋಗಬಾರದು. 2002ರ ಜೀವವೈವಿಧ್ಯ ಕಾಯ್ದೆ ಇದೆ, ಹೊರದೇಶದ ಸಂಶೋಧನೆಗೆ ನಮ್ಮ ತಳಿ ಹೋಗಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆ ಬೇಕು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ವರ್ಷ ವರ್ಷ ಬಿತ್ತಿ ಉಳಿಸಿಕೊಂಡು ಬಂದಿದ್ದಾರೆ. ಅದು ಒಬ್ಬ ವಿದ್ಯಾರ್ಥಿಯ ಜೇಬಿನಲ್ಲಿ ದಾಟಿಹೋಗುವ ಸ್ವತ್ತಲ್ಲ.

ಅಪ್ಪ ಅವ್ವಂದಿರಿಗೆ

ನಿಮಗೆ ಎರಡೇ ಮಾತು. ಇಲ್ಲಿ ದೀಪ ಹಚ್ಚುವ ಹೊತ್ತಿಗೆ, ಆರೂವರೆಗೆ, ಫೋನು ಮಾಡಬೇಡಿ. ಸ್ಪೇನಿನಲ್ಲಿ ಆಗ ಚಳಿಗಾಲವಾದರೆ 2 ಗಂಟೆ, ಬೇಸಿಗೆಯಾದರೆ 3 ಗಂಟೆ: ಇಡೀ ಮನೆ ಊಟಕ್ಕೆ ಕೂತಿರುತ್ತದೆ. ಮಗು ತಟ್ಟೆ ಬಿಟ್ಟು ಎದ್ದು ಬಂದು ನಿಮ್ಮ ಜೊತೆ ಕನ್ನಡ ಆಡಿದರೆ ಆ ದಿನದ ಸ್ಪ್ಯಾನಿಷ್ ಹೋಯಿತು, ಮನೆಯವರ ಮನಸ್ಸೂ ಹೋಯಿತು. ರಾತ್ರಿ ಒಂಬತ್ತಕ್ಕೆ ಮಾಡಿ. ಮೆಕ್ಸಿಕೊ ನಗರಕ್ಕಾದರೆ ಹನ್ನೊಂದೂವರೆ ಗಂಟೆ ಹಿಂದಕ್ಕೆ ಎಣಿಸಿ, ನಿಮ್ಮ ಬೆಳಿಗ್ಗೆ ಏಳು ಅಲ್ಲಿ ಹಿಂದಿನ ಸಂಜೆ ಏಳೂವರೆ.

ಎರಡನೆಯದು, ‘ಸಾಕು ಬುಡವ್ವ, ಬಂದ್ಬುಡು’ ಎಂದು ಮೊದಲ ಅಳುವಿಗೇ ಹೇಳಬೇಡಿ. ಎರಡನೆಯ ತಿಂಗಳಲ್ಲಿ ಬಹಳ ಜನ ಅಳುತ್ತಾರೆ, ನಾನೂ ಅತ್ತಿದ್ದೇನೆ. ಮಾತು ಅರ್ಧ ತಿಳಿಯುವ ಕಾಲ ಅದು, ಏನೂ ತಿಳಿಯದ ಕಾಲಕ್ಕಿಂತ ಅದೇ ಕಷ್ಟ. ಯಾಕೆ ಅಳುತ್ತಿದ್ದಾರೆ ಎಂದು ಪೂರ್ತಿ ಕೇಳಿ. ಊರ ನೆನಪಾದರೆ ಸಮಾಧಾನ ಹೇಳಿ. ಮನೆಯಲ್ಲಿ ಯಾರೋ ತೊಂದರೆ ಕೊಡುತ್ತಿದ್ದಾರೆ ಎಂದರೆ ಮಾತ್ರ ಮಾನ ಮರ್ಯಾದೆ, ಕಟ್ಟಿದ ಫೀಸು, ನೆಂಟರು ಏನೆಂದಾರು ಎಂಬುದನ್ನೆಲ್ಲ ಪಕ್ಕಕ್ಕಿಟ್ಟು ಅವತ್ತೇ ಅಲ್ಲಿಂದ ಹೊರಗೆ ತರಿಸಿ.

ಬಿಟ್ಟು ಬರುವ ದಿನ

ಹಾಸಿಗೆಯ ಬಟ್ಟೆ ತೆಗೆದು ಒಗೆಯಲು ಹಾಕಿ. ಪುರಸಭೆಯಲ್ಲಿ ವಿಳಾಸ ತೆಗೆಸಿ. ಒಡೆದದ್ದು, ಕಳೆದದ್ದು ಇದ್ದರೆ ಹೇಳಿ, ಬೆಲೆ ಕೊಡಿ. ಹಿಟ್ಟಿನ ಕೋಲನ್ನು ಅವರ ಅಡುಗೆಮನೆಯಲ್ಲೇ ಬಿಟ್ಟು ಬನ್ನಿ, ಮುಂದಿನ ಸಲ ಹೋಗುವವರಿಗೆ ಆಗುತ್ತದೆ. ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟು ಬರಬಾರದು. ಎಷ್ಟೇ ಬೆಳಗಿನ ಜಾವದ ವಿಮಾನವಾಗಿರಲಿ, ಆ ತಾಯಿಯನ್ನು ಎಬ್ಬಿಸಿ ಕೈಗೇ ಕೊಟ್ಟು ಬರಬೇಕು. ಅವರು ಎದ್ದೇ ಇರುತ್ತಾರೆ.